ಲಕ್ವಾ ಹೊಡೆದವರಿಗೆ ಮೂಗಿನ ಪೈಪ್ ಬೇಡ, ಚಮಚದಲ್ಲೇ ಉಣಿಸಬಹುದಾ?

ಮೂರು ವರ್ಷದ ಹಿಂದೆ ಕಲಬುರಗಿಯ ಒಂದು ಆಸ್ಪತ್ರೆ ವರಾಂಡದಲ್ಲಿ ನಿಂತು ನಾನೂ ಇದನ್ನೇ ಕೇಳಿದ್ದೆ. ಡಾಕ್ಟರ್ ಮಾತಾಡಲಿಲ್ಲ, ಅಪ್ಪನಿಗೆ ಒಂದು ಚಮಚ ನೀರು ಕುಡಿಸಿದರು. ನುಂಗಿದ ಹಾಗೇ ಕಂಡಿತು. ಆಮೇಲೆ ಮಾತಾಡಿಸಿದರೆ ದನಿ ಗೊರಗೊರ. ನೀರು ಶ್ವಾಸನಾಳದ ಕಡೆ ಹೋಗ್ತಿದೆ ಅಂದರು. ಮೂಗಿನಿಂದ ಹೊಟ್ಟೆಗೆ ಪೈಪ್ ಹಾಕಿ, ಸರಿಯಾದ ಜಾಗಕ್ಕೆ ಹೋಗಿದೆಯಾ ಅಂತ ಎಕ್ಸ್-ರೇ ತೆಗೆದು, ಕೆಲವು ದಿನದ ಮೇಲೆ ಮನೆಗೆ ಕಳಿಸಿದರು. ಅವ್ವ ತೊಗರಿಬೇಳೆ ಕಟ್ಟನ್ನು ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದಳು, ನಾನು ಸಿರಿಂಜ್ ಎತ್ತಿ ಹಿಡಿದರೆ ತಾನಾಗೇ ಇಳಿಯುತ್ತಿತ್ತು.

ನಾನು ಕೆಟ್ಟದ್ದು ಮೇ ತಿಂಗಳಲ್ಲಿ. ರಾತ್ರಿಯೆಲ್ಲ ಕರೆಂಟ್ ಇಲ್ಲ, ಬೆವರಿಗೆ ಮೂಗಿನ ಟೇಪ್ ಬಿಟ್ಟಿತ್ತು, ಅಪ್ಪ ಎಳೆದುಕೊಂಡು ಪೈಪ್ ಒಂದು ಗೇಣು ಹೊರಗೆ ಬಂದಿತ್ತು. ಪೈಪ್ ಮೇಲೆ ಸೆಂಟಿಮೀಟರ್ ಗುರುತು ಇರುತ್ತೆ, ನಾನು ಮೊದಲಿದ್ದ ಹಾಗೆ 60ರ ಗುರುತು ಮೂಗಿಗೆ ಬರುವ ತನಕ ಒಳಗೆ ನೂಕಿದೆ. ಮೊಬೈಲಲ್ಲಿ ನೋಡಿದ ಹಾಗೆ ಗಾಳಿ ಹೊಡೆದು ಹೊಟ್ಟೆಗೆ ಕಿವಿ ಇಟ್ಟೆ. ಗುಳುಗುಳು ಕೇಳಿಸಿತು, ಸಮಾಧಾನ ಆಯ್ತು. ಪೈಪಿನ ತುದಿ ಶ್ವಾಸಕೋಶದಲ್ಲಿದ್ದರೂ ಆ ಸದ್ದು ಕೇಳಿಸಬಹುದಂತೆ! ಗುರುತು ಸರಿ ಇದ್ದರೂ ಅಷ್ಟೇ, ಪೈಪ್ ಗಂಟಲಲ್ಲೇ ಸುತ್ತಿಕೊಂಡಿರಬಹುದು. ಲಕ್ವಾ ಆದವರಿಗೆ ಕೆಲವೊಮ್ಮೆ ಕೆಮ್ಮು ಕೂಡ ಬರಲ್ಲ, ಹಾಗಾಗಿ ಅಪ್ಪ ಸುಮ್ನೆ ಮಲಗಿದ್ದರು, ಅರ್ಧ ಸಿರಿಂಜ್ ಇಳಿಯುವಷ್ಟರಲ್ಲಿ ತುಟಿ ನೀಲಿಯಾಯಿತು. ನ್ಯುಮೋನಿಯಾ, ಒಂಬತ್ತು ದಿನ ಐಸಿಯು. ಆವತ್ತು ಬೆಳಿಗ್ಗೆ ಏನೂ ಕೊಡದೆ ಆಟೋ ಹತ್ತಿಸಿದ್ದರೆ ಅರ್ಧ ದಿನದ ಕೆಲಸ ಅಲ್ವಾ?

ಚಮಚವೋ ಪೈಪೋ ಅಂತ ನೀವು ಕೇಳೋದೇ ಬೇಡ. ಡಾಕ್ಟರ್ ನೀರು ಕುಡಿಸಿ ನೋಡಿದರಲ್ಲ, ಆ ನುಂಗುವ ಪರೀಕ್ಷೆ ಅದನ್ನು ಹೇಳುತ್ತೆ. ರಾತ್ರಿ ಪಕ್ಕದಲ್ಲಿ ಯಾರು ಮಲಗ್ತಾರೆ ಅದನ್ನ ಮೊದಲು ತೀರ್ಮಾನ ಮಾಡಿ. ಪ್ರತಿ ಸಲ ಕೊಡುವ ಮುಂಚೆ ಗುರುತು ನೋಡಿ, ಜಾರಿದ್ದರೆ ಒಂದು ಹನಿಯೂ ಬೇಡ, ಸೀದಾ ಆಸ್ಪತ್ರೆ. ತಲೆ ಕಡೆ ಎತ್ತರ ಮಾಡಿ ಕೊಡಿ, ಕೊಟ್ಟ ಮೇಲೂ ಒಂದು ತಾಸು ಹಾಗೇ ಇರಲಿ. ಕೊನೆಗೆ ನೀರು ಬಿಡದಿದ್ದರೆ ಪೈಪ್ ಕಟ್ಟಿಕೊಳ್ಳುತ್ತೆ. ತಿಂಗಳ ಮೇಲೆ ಬೇಕಾಗುತ್ತೆ ಅಂದರೆ ನೇರ ಹೊಟ್ಟೆಗೆ ಹಾಕುವ ಪೆಗ್ ಟ್ಯೂಬ್ ಬಗ್ಗೆ ಡಾಕ್ಟರನ್ನು ಕೇಳಿ.

ಪೈಪ್ ಹಾಕಿದರೆ ಮತ್ತೆ ಬಾಯಲ್ಲಿ ಉಣ್ಣಲ್ಲ ಅಂತ ನಮ್ಮ ಕಾಕಾನೂ ಹೆದರಿಸಿದ್ದರು. ಏಳನೇ ವಾರ ಮತ್ತೆ ಪರೀಕ್ಷೆ ಮಾಡಿ ಪೈಪ್ ತೆಗೆದರು. ಅಪ್ಪ ಮೊದಲು ಉಂಡದ್ದು ಎರಡು ಚಮಚ ಗಟ್ಟಿ ಸಜ್ಜಕ. ಬೆಲ್ಲ ಕಮ್ಮಿ ಅಂತ ಅವ್ವನ ಮೇಲೆ ರೇಗಿದರು.