ತೋಳ ಎಲ್ಲಿದೆ? ಡಬ್ಲಿನ್‌ನ ಲೇಖಕರಿಗೊಂದು ಉತ್ತರ

ನಮಸ್ಕಾರ.

ಡಬ್ಲಿನ್‌ನಿಂದ ನೀವು ಕಳಿಸಿದ, ಹ್ಯಾಲೋವೀನ್ ಅನ್ನೋ ದೆವ್ವ-ವೇಷಗಳ ಹಬ್ಬ ಮತ್ತು ತೋಳದ ಬಗೆಗಿನ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪಿಲ್ಲ. ಆದರೆ ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಿಕೊಳ್ಳೋಕೆ ಆಗಲ್ಲ. ಎರಡು ದಿನದಿಂದ ಅದು ತಲೆ ಕೊರೆಯುತ್ತಿದೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಮೂರು ಪುಟದಲ್ಲಿ 'ಸಂಕೇತ' ಅನ್ನೋ ಪದ ಹದಿನಾಲ್ಕು ಸಲ ಬಂದಿದೆ. ಮೊದಲ ಸಾಲೇ ನೋಡಿ: "ತೋಳ ಭಯದ ಸಂಕೇತ, ಕತ್ತಲೆಯ ಸಂಕೇತ, ಒಂಟಿತನದ ಸಂಕೇತ." ತೋಳ ಒಂಟಿ ಪ್ರಾಣಿಯೇ ಅಲ್ಲ. ಅಪ್ಪ, ಅಮ್ಮ, ಮರಿಗಳು ಅಂತ ತುಂಬಿದ ಸಂಸಾರ ಅದರದು.

ಎರಡನೇ ಸಾಲು: "ಹ್ಯಾಲೋವೀನ್ ಹುಣ್ಣಿಮೆಯಂದು ತೋಳ ಚಂದ್ರನನ್ನು ನೋಡಿ ಊಳಿಡುತ್ತದೆ." ಹ್ಯಾಲೋವೀನ್ ಬರೋದು ಅಕ್ಟೋಬರ್ 31ಕ್ಕೆ, ತಿಥಿ ನೋಡಿಕೊಂಡಲ್ಲ. 2020ರಲ್ಲಿ ಆ ದಿನ ಹುಣ್ಣಿಮೆ ಬಿದ್ದಿತ್ತು, ಇನ್ನು ಬೀಳೋದು 2039ಕ್ಕೆ. ತೋಳ ಊಳಿಡೋದು ತನ್ನವರನ್ನು ಕರೆಯೋಕೆ, ಇನ್ನೊಂದು ಗುಂಪಿಗೆ 'ಇದು ನಮ್ಮ ಜಾಗ' ಅಂತ ತಿಳಿಸೋಕೆ. ಚಂದ್ರನ ಹತ್ತಿರ ಅದಕ್ಕೇನೂ ಮಾತಿಲ್ಲ.

ಮೂರನೆಯದು: "ಪ್ರಾಚೀನ ಐರಿಷ್ ಜನ ತೋಳಗಳನ್ನು ಓಡಿಸಲು ಕುಂಬಳಕಾಯಿ ಕೊರೆದು ದೀಪ ಇಡುತ್ತಿದ್ದರು." ಆ ಸಿಹಿಗುಂಬಳ ಅಮೆರಿಕ ಖಂಡದ ಬೆಳೆ. ಐರ್ಲೆಂಡಿನವರು ಕೊರೆಯುತ್ತಿದ್ದದ್ದು ಟರ್ನಿಪ್ ಗೆಡ್ಡೆ, ಅದೂ ದೆವ್ವಗಳನ್ನು ದೂರ ಇಡೋಕೆ. ಅಮೆರಿಕಕ್ಕೆ ವಲಸೆ ಹೋದವರ ಕೈಗೆ ಕುಂಬಳಕಾಯಿ ಸಿಕ್ಕಿತು. ಮೇಯೋ ಕೌಂಟಿಯ ಮ್ಯೂಸಿಯಂನಲ್ಲಿ ಡೊನೆಗಾಲ್ ಕಡೆಯ ಒಂದು ಟರ್ನಿಪ್ ದೀಪದ ಅಚ್ಚು ಇದೆ. ಸುಕ್ಕುಗಟ್ಟಿದ ಮುಖ, ಗುಳಿಬಿದ್ದ ಕಣ್ಣು. ಅದರ ಮುಂದೆ ಹತ್ತು ನಿಮಿಷ ನಿಂತಿದ್ದರೆ 'ಸಾವಿನ ಸಂಕೇತ' ಅಂತ ನೀವು ಬರೆಯುತ್ತಿರಲಿಲ್ಲ, ಆ ಮುಖವನ್ನೇ ಬರೆಯುತ್ತಿದ್ದಿರಿ.

ನಾನೂ ಹೀಗೇ ಬರೆದವನು. ವಾರಪತ್ರಿಕೆಗೆ ಸೇರಿದ ಹೊಸತರಲ್ಲಿ 'ತೋಳ ಕ್ರೌರ್ಯದ ಪ್ರತೀಕ' ಅಂತ ಶುರು ಮಾಡಿದ್ದೆ. ನಮ್ಮ ಹಿರಿಯ ಉಪಸಂಪಾದಕರು ಹಾಳೆ ವಾಪಸ್ ಕೊಟ್ಟು, "ತೋಳ ನೋಡಿದೀಯೇನಪ್ಪಾ?" ಅಂದರು. ಇಲ್ಲ ಅಂದೆ. "ಕುರಿಯವರನ್ನಾದರೂ ನೋಡಿ ಬಾ" ಅಂತ ಶಿರಾ ಕಡೆ ಬಸ್ಸಿಗೆ ದುಡ್ಡು ಕೊಟ್ಟು ಕಳಿಸಿದರು. ಬಲೆ ಕಟ್ಟಿ ಮಂದೆ ಕೂಡಿದ್ದ ಹೊಲವೊಂದರಲ್ಲಿ ರಾತ್ರಿ ಕಳೆದೆ. ಬೆಳಗ್ಗೆ ಎದ್ದಾಗ ಮರಿ ಮುಚ್ಚಿದ್ದ ಬುಟ್ಟಿ ಮಗುಚಿತ್ತು. ತಾಯಿ ಕುರಿ ಬುಟ್ಟಿಯ ಒಳಗನ್ನು ಮೂಸುತ್ತಾ, ಅರಚುತ್ತಾ ನಿಂತಿತ್ತು. "ಊಳಿಟ್ಟುಕೊಂಡು ಬರಲ್ಲ ಸ್ವಾಮಿ ಅದು. ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ" ಅಂದ ಕುರಿಯಣ್ಣ. ವಾಪಸ್ ಬಂದು ಬುಟ್ಟಿಯಿಂದ ಲೇಖನ ಶುರು ಮಾಡಿದೆ. ಅವರು ಒಂದಕ್ಷರ ತಿದ್ದಲಿಲ್ಲ.

ನಿಮ್ಮಲ್ಲೂ ಅಂಥ ಬುಟ್ಟಿ ಇದೆ. ಕೊನೇ ಪುಟದಲ್ಲಿ ಕಂಸದೊಳಗೆ ಬರೆದು ಬಿಟ್ಟಿದ್ದೀರಿ: "(ಈಗ ಐರ್ಲೆಂಡಿನಲ್ಲಿ ತೋಳಗಳಿಲ್ಲ)." ಯಾಕಿಲ್ಲ? ಐರಿಷ್ ಭಾಷೆಯಲ್ಲಿ ತೋಳಕ್ಕೆ 'ಮಾಕ್ ಟೀರೆ' ಅಂತಾರೆ, ಅಂದ್ರೆ ನೆಲದ ಮಗ. ಅಂಥ ಹೆಸರಿಟ್ಟ ನಾಡಿನಲ್ಲಿ 1653ರಲ್ಲಿ, ಸೇನಾನಾಯಕ ಕ್ರಾಮ್‌ವೆಲ್ ಕಾಲದ ಇಂಗ್ಲಿಷ್ ಆಡಳಿತ ತೋಳದ ತಲೆಗೆ ಬೆಲೆ ಕಟ್ಟಿತು. ಹೆಣ್ಣಿಗೆ ಆರು ಪೌಂಡ್, ಗಂಡಿಗೆ ಐದು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನೋ ನಮ್ಮ ಗಾದೆ ಅಲ್ಲಿ ಸರ್ಕಾರಿ ಆದೇಶವೇ ಆಯಿತು. ಕೊನೆಯದನ್ನು 1786ರಲ್ಲಿ ಕಾರ್ಲೋ ಕೌಂಟಿಯಲ್ಲಿ ಕೊಂದರು ಅಂತಾರೆ. ಹ್ಯಾಲೋವೀನ್‌ಗೆ ಮೂಲವಾದ ಸೌವಿನ್ ಹಬ್ಬ ಬೇಸಿಗೆಯಲ್ಲಿ ಮೇಯಿಸುತ್ತಿದ್ದ ಗುಡ್ಡಗಳಿಂದ ದನ ಇಳಿಸಿಕೊಂಡು ಬರುವ ಹೊತ್ತಿನದು. ತೋಳಕ್ಕೂ ಆ ಹಬ್ಬಕ್ಕೂ ನಂಟಿದ್ದರೆ ಅಲ್ಲಿ ಹುಡುಕಬೇಕು, ಅಲ್ವಾ? ಈಗ ಮಕ್ಕಳು ಹಾಕಿಕೊಳ್ಳುವ ತೋಳದ ಮುಖವಾಡದಲ್ಲಿ ಹಾಲಿವುಡ್ ಪಾಲೇ ಜಾಸ್ತಿ.

ಕಾರ್ಲೋ ನಿಮ್ಮೂರಿಂದ ದೂರವೇನಲ್ಲ. ಹೋಗಿ ಬನ್ನಿ. ಆ ಕಂಸ ತೆಗೆದು ಅಲ್ಲಿಂದ ಶುರು ಮಾಡಿ ಕಳಿಸಿ. ನಾನೇ ಕಾದು ಓದುತ್ತೇನೆ.