ಹಪ್ಪಳ ಕಾಯುತ್ತ ಓದಿದ ಪುಸ್ತಕಗಳು

ಕುಮಟಾದ ಓದುಗರೊಬ್ಬರು ಮೇ ತಿಂಗಳಲ್ಲಿ ತಾವು ಓದಿದ ಮೂರು ಪುಸ್ತಕಗಳ ಬಗ್ಗೆ ನಮಗೆ ಬರೆದಿದ್ದಾರೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಅವರಿಗೆ ತುಂಬಾ ಹಿಡಿಸಿದೆ. ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳು ‘ಚೆನ್ನಾಗಿವೆ.’ ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಮಾತ್ರ ಅರ್ಧಕ್ಕೇ ಮುಚ್ಚಿಟ್ಟರಂತೆ. ‘ಎಲ್ಲರೂ ಹೊಗಳುವ ಪುಸ್ತಕ ಹಿಡಿಸಲಿಲ್ಲ ಅಂತ ನನ್ನಂಥವಳು ಹೇಳಬಹುದಾ? ತಮ್ಮ ನಗುತ್ತಾನೆ’ ಎಂದು ಕೇಳಿದ್ದಾರೆ.

ಅಕ್ಕಾ,

ಹೇಳಬಹುದು. ದುಡ್ಡು ಕೊಟ್ಟು, ಬಿಡುವು ಮಾಡಿಕೊಂಡು ಓದಿದವರು ನೀವು. ನೀವು ಹೇಳದೆ ಇನ್ಯಾರು ಹೇಳಬೇಕು?

ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿ, ಜಗಲಿ ಮೇಲೆ ಕೂತು ‘ಮರಳಿ ಮಣ್ಣಿಗೆ’ ಓದಿದೆ ಎಂದಿದ್ದೀರಿ. ಪಾರೋತಿ ಮನೆಗೆ ಗಂಡ ಎರಡನೇ ಹೆಂಡತಿಯನ್ನು ತಂದ ಮೇಲೂ ಅವಳು ಅದೇ ಮನೆಯಲ್ಲಿ ದುಡಿಯುತ್ತಲೇ ಇರುವುದನ್ನು ಓದುವಾಗ ನಿಮಗೆ ನಿಮ್ಮ ಅಜ್ಜಿ ನೆನಪಾದರು. ಕಾಗೆ ಹಪ್ಪಳ ಎತ್ತಿಕೊಂಡು ಹೋದದ್ದೂ ಗೊತ್ತಾಗಲಿಲ್ಲ. ಈ ನಾಲ್ಕು ಸಾಲು ಓದಿ ನಾನು ಪತ್ರವನ್ನು ಸ್ವಲ್ಪ ಹೊತ್ತು ಕೆಳಗಿಟ್ಟೆ. ಆ ಕಾದಂಬರಿಯನ್ನು ಮೂರು ತಲೆಮಾರಿನ ಕಥೆ ಅನ್ನುತ್ತಾರೆ. ಐತಾಳ, ಮಗ ಲಚ್ಚ, ಮೊಮ್ಮಗ ರಾಮ ಎಂದು ಗಂಡಸರನ್ನೇ ಎಣಿಸುತ್ತಾರೆ. ಆದರೆ ಆ ಮನೆ ನಿಂತಿರುವುದು ಪಾರೋತಿ, ಸರಸೋತಿ, ನಾಗವೇಣಿಯರ ಮೈಮುರಿಯುವ ಕೆಲಸದ ಮೇಲೆ. ನಿಮ್ಮ ಕಣ್ಣು ನೇರ ಅಲ್ಲಿಗೇ ಹೋಗಿದೆ. ಯಾವ ಜಾಗದಲ್ಲಿ, ಯಾಕೆ ಹಿಡಿಸಿತು ಅಂತ ಇಷ್ಟು ಸ್ಪಷ್ಟವಾಗಿ ಹೇಳಿದ ಅಭಿಪ್ರಾಯವನ್ನು ನಿಮ್ಮ ತಮ್ಮ ಹೇಗೆ ತಳ್ಳಿಹಾಕುತ್ತಾರೆ?

ಅದಕ್ಕೇ ಕಾಯ್ಕಿಣಿಯವರ ಕಥೆಗಳಿಗೆ ಬರೀ ‘ಚೆನ್ನಾಗಿವೆ’ ಅಂದದ್ದು ನನಗೆ ಸಾಲಲಿಲ್ಲ. ನಿಮ್ಮ ಮಗ ಮುಂಬೈಯಲ್ಲೇ ಇದ್ದಾನೆ ಎಂದಿದ್ದೀರಿ. ಕಥೆಗಾರರು ನಿಮ್ಮ ಪಕ್ಕದ ಗೋಕರ್ಣದವರು. ಯಾವ ಕಥೆ ಓದುವಾಗ ಮಗನಿಗೆ ಫೋನ್ ಮಾಡಬೇಕು ಅನ್ನಿಸಿತು? ಅದನ್ನು ಬರೆಯಿರಿ.

ಇನ್ನು ‘ಶಿಕಾರಿ.’ ಇಲ್ಲಿ ನಾನು ನಿಮ್ಮ ಜೊತೆ ಜಗಳ ಆಡುತ್ತೇನೆ. ‘ನಾಗಪ್ಪ ಎಲ್ಲರ ಮೇಲೂ ಅನುಮಾನ ಪಡುತ್ತಾನೆ, ಓದುತ್ತ ಉಸಿರು ಕಟ್ಟಿತು’ ಎಂದಿದ್ದೀರಿ. ನಿಜ, ನನಗೂ ಕಟ್ಟಿತ್ತು. ಆದರೆ ಅದು ಪುಸ್ತಕದ ತಪ್ಪಲ್ಲ ಅಂತ ನನ್ನ ನಂಬಿಕೆ. ತಾನು ಏನು ತಪ್ಪು ಮಾಡಿದೆ ಅಂತ ಗೊತ್ತಿಲ್ಲದೆ ಕೆಲಸದಿಂದ ಅಮಾನತಾದ ಮನುಷ್ಯ ಅವನು. ಯಾರು ಮುಗುಳ್ನಕ್ಕರೂ ಅದರ ಹಿಂದೆ ಏನೋ ಇದೆ ಅನ್ನಿಸುತ್ತದೆ. ಆ ಹೆದರಿಕೆ ನಮ್ಮ ಮೈಗೂ ಹತ್ತಬೇಕು ಅಂತಲೇ ಚಿತ್ತಾಲರು ಬರೆದಿದ್ದಾರೆ. 1979ರಲ್ಲಿ ಬಂದ ಪುಸ್ತಕ. ಆಫೀಸಿನ ರಾಜಕೀಯದಲ್ಲಿ ನಲುಗಿದ ಯಾರನ್ನಾದರೂ ಕೇಳಿ, ಇವತ್ತಿನ ಕಥೆ ಅನ್ನುತ್ತಾರೆ.

ಒಂದು ಸಲಹೆ. ಈಗಲೇ ಅದನ್ನು ಮತ್ತೆ ಹಿಡಿಯಬೇಡಿ. ಚಿತ್ತಾಲರು ಹುಟ್ಟಿದ ಹನೇಹಳ್ಳಿ ನಿಮ್ಮ ತಾಲೂಕಿನದೇ ಅಲ್ವಾ? ಮೊದಲು ಅವರ ‘ಮೂರು ದಾರಿಗಳು’ ಓದಿ. ಒಬ್ಬ ಹುಡುಗಿಯ ಬಗ್ಗೆ ಊರಲ್ಲಿ ಏಳುವ ಮಾತು ಒಂದು ಮನೆಯನ್ನೇ ಹೇಗೆ ಹಿಂಡುತ್ತದೆ ಅನ್ನುವುದು ಅಲ್ಲಿದೆ. ಊರ ಬಾಯಿಯ ಹೆದರಿಕೆ ನಿಮಗೆ ಗೊತ್ತಿರುವಂಥದ್ದು. ಅದನ್ನು ದಾಟಿ ಬಂದರೆ ನಾಗಪ್ಪನ ಮುಂಬೈ ಅಷ್ಟು ದೂರ ಅನ್ನಿಸಲಿಕ್ಕಿಲ್ಲ. ಆಮೇಲೂ ‘ಶಿಕಾರಿ’ ಹಿಡಿಸದಿದ್ದರೆ ಬಿಡಿ, ನಾನು ಒತ್ತಾಯ ಮಾಡುವುದಿಲ್ಲ.

ನಿಮ್ಮ ಪತ್ರವನ್ನು ಒಂದಕ್ಷರ ಕತ್ತರಿಸದೆ ಇದೇ ಸಂಚಿಕೆಯಲ್ಲಿ ಹಾಕಿದ್ದೇವೆ. ಮಳೆ ಹಿಡಿದಿದೆ, ಅಂಗಳದ ಕೆಲಸ ಸ್ವಲ್ಪ ಕಡಿಮೆಯಾಗಿರಬಹುದು. ‘ಶಿಕಾರಿ’ಯನ್ನು ಯಾವ ಪುಟದಲ್ಲಿ ಮುಚ್ಚಿದಿರಿ, ಅಲ್ಲಿ ಏನು ನಡೆಯುತ್ತಿತ್ತು ಅನ್ನುವುದನ್ನು ಮುಂದಿನ ಪತ್ರದಲ್ಲಿ ತಿಳಿಸಿ.

— ಸಂಪಾದಕ, ಕಾರವಾರ