ರಾತ್ರೋರಾತ್ರಿ ಕಾಂಪೌಂಡ್ ಹತ್ತಿದ ಎಂಪಿಗಳು

ಪ್ರಶ್ನೆ: ಸರ್, ನಮ್ಮ ಲೋಕಲ್ ಟ್ರೇನಲ್ಲಿ ದಿನಾ ಇದೇ ಚರ್ಚೆ, ಕುರ್ಚೀಲಿ ಕೂತ ಲೀಡರ್ ಹಠಕ್ಕೆ ಬಿದ್ರೆ ಡೆಮಾಕ್ರಸಿ ಏನೂ ಮಾಡಕ್ಕಾಗಲ್ಲ ಅಂತಾರೆ, ನಿಜಾನಾ?
– ಓದುಗರು, ಡೊಂಬಿವಲಿ

ಉತ್ತರ: ನಾನಂತೂ ಒಪ್ಪಲ್ಲ. ದಕ್ಷಿಣ ಕೊರಿಯಾ ನೋಡಿ, 2024ರ ಡಿಸೆಂಬರ್ 3ರ ರಾತ್ರಿ ಪ್ರೆಸಿಡೆಂಟ್ ಯೂನ್ ಸುಕ್ ಯೋಲ್ ಟೀವೀಲಿ ಬಂದು ಮಾರ್ಷಲ್ ಲಾ (ಅಂದ್ರೆ ಸೈನ್ಯದ ಆಡಳಿತ) ಅಂದ್ಬಿಟ್ರು, ಪೊಲೀಸರು ಪಾರ್ಲಿಮೆಂಟ್ ಗೇಟ್ ತಡೆದ್ರು, ಸೈನಿಕರು ಕಿಟಕಿ ಒಡೆದು ಒಳಗೆ ನುಗ್ಗಿದ್ರು, ಆದ್ರೂ ಎಂಪಿಗಳು ಕಾಂಪೌಂಡ್ ಹತ್ತಿ ಇಳಿದು ಹೋಗಿ ನಡುರಾತ್ರಿ ವೋಟ್ ಹಾಕಿದ್ರು. 300ರಲ್ಲಿ ಬಂದಿದ್ದು 190 ಜನ, ಅಷ್ಟೂ ವೋಟು ಮಾರ್ಷಲ್ ಲಾ ತೆಗೀರಿ ಅಂತಾನೇ. ಅದ್ರಲ್ಲಿ ಯೂನ್ ಪಾರ್ಟಿಯವರೇ 18 ಜನ ಇದ್ರು, ನನಗೆ ಎಲ್ಲಕ್ಕಿಂತ ದೊಡ್ಡದು ಅನ್ಸಿದ್ದು ಇದೇ, ಸ್ವಂತ ಲೀಡರ್ ಎದುರು ನಿಲ್ಲೋದು ಸುಲಭ ಅಲ್ಲ ಕಣ್ರೀ. 2025ರ ಏಪ್ರಿಲ್ 4ಕ್ಕೆ ಕೋರ್ಟು ಯೂನ್‌ರನ್ನ ಇಳಿಸೇಬಿಡ್ತು.

ಪ್ರಶ್ನೆ: ಹಾಗಾದ್ರೆ ಮ್ಯಾನ್ಮಾರಲ್ಲಿ ಯಾಕಾಗ್ಲಿಲ್ಲ?
– ಓದುಗರು, ಪುಣೆ

ಉತ್ತರ: ಅಲ್ಲಿ 2008ರ ಸಂವಿಧಾನವೇ ಪಾರ್ಲಿಮೆಂಟಿನ ಕಾಲು ಭಾಗ ಸೀಟು ಸೈನ್ಯಕ್ಕೆ ಬರೆದುಕೊಟ್ಟಿದೆ. 2020ರ ಎಲೆಕ್ಷನ್ನಲ್ಲಿ ಅಲ್ಲಿನ ಲೀಡರ್ ಆಂಗ್ ಸಾನ್ ಸೂಕಿ ಪಾರ್ಟಿ ಭರ್ಜರಿಯಾಗಿ ಗೆದ್ರೂ, ಹೊಸ ಪಾರ್ಲಿಮೆಂಟ್ ಸೇರಬೇಕಿದ್ದ 2021ರ ಫೆಬ್ರವರಿ 1ರ ಬೆಳಗ್ಗೆನೇ ಸೈನ್ಯದವರು ಆಕೇನ ಅರೆಸ್ಟ್ ಮಾಡಿ ಅಧಿಕಾರ ಕಿತ್ಕೊಂಡ್ರು. ಬಂದೂಕು ಹಿಡಿದವರಿಗೆ ಮೊದಲೇ ಅಷ್ಟು ಜಾಗ ಕೊಟ್ಟಿದ್ದೇ ತಪ್ಪು ಅಂತ ನನ್ನ ಅಭಿಪ್ರಾಯ.